ಮುಸುಕಿನೊಳಗಿನ ಮೊಣಕಾಲು

ಈ ಸಲ ಊರಿನ ಒಬ್ಬನಿಗೂ ನನ್ನ ಗುರುತು ಸಿಕ್ಕಬಾರದು ಎಂದು ಕ್ರಿಸ್ಮಸ್‌ನ ಮಾರನೇ ದಿನ ಬೆಳಿಗ್ಗೆ ತಿಂಡಿಯ ಮೇಜಿನಲ್ಲೇ ಶಪಥ ಮಾಡಿದೆ. ಅಂತಿಂಥ ಶಪಥವಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, ಬೆಣ್ಣೆ ಸವರುವ ಚಾಕುವನ್ನು ಖಡ್ಗದ ಹಾಗೆ ಎತ್ತಿ, ಎದೆಯನ್ನು ಮುಂದಕ್ಕೆ ತಂದು ಮಾಡಿದ ಶಪಥ. ನಾನು ಮುಂದಕ್ಕೆ ತಂದದ್ದು ಎದೆಯಲ್ಲ, ಹೊಟ್ಟೆ ಎಂದು ನನ್ನ ಹೆಂಡತಿ ಡಲ್ಸಿ ಆಮೇಲೆ ತಿದ್ದಿದಳು.

ನ್ಯೂಫೌಂಡ್‌ಲ್ಯಾಂಡ್‌ನ ಉತ್ತರ ತೀರದಲ್ಲಿ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ನಮ್ಮ ಸ್ಪ್ಲಿಟ್ ರಾಕ್ ಹಾರ್ಬರಿನಲ್ಲಿ ಕ್ರಿಸ್ಮಸ್ ಒಂದು ದಿನಕ್ಕೆ ಮುಗಿಯುವ ಹಬ್ಬವಲ್ಲ. ಆಮೇಲಿನ ಹನ್ನೆರಡು ದಿನ ವೇಷದ ಕಾಲ. ಕೈಗೆ ಸಿಕ್ಕಿದ್ದನ್ನು ಮೈಮೇಲೆ ಹೇರಿಕೊಂಡು, ಮುಖಕ್ಕೆ ಮುಸುಕು ಎಳೆದು, ಗಂಡಸರು ಹೆಂಗಸರಾಗಿ ಹೆಂಗಸರು ಗಂಡಸರಾಗಿ ಮನೆಮನೆಯ ಬಾಗಿಲು ತಟ್ಟುತ್ತೇವೆ. ದನಿ ಗೊತ್ತಾಗದಿರಲಿ ಎಂದು ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಲೇ ಮಾತಾಡುತ್ತೇವೆ. ಮನೆಯವರು ನಮ್ಮನ್ನು ತಿವಿದು, ಕುಣಿಸಿ, ಯಾರೆಂದು ಹೇಳಬೇಕು. ಗುರುತು ಹಿಡಿದರೆ ಮುಸುಕು ತೆಗೆದು ರಮ್ಮು ಕುಡಿಯಬಹುದು, ಕೇಕು ತಿನ್ನಬಹುದು. ಹಿಡಿಯದಿದ್ದರೆ ಬಾಯಾರಿಕೊಂಡೇ ಮುಂದಿನ ಮನೆಗೆ ಹೋಗಬೇಕು.

ಹಾಗೆ ಬಾಯಾರಿಕೊಂಡು ತಿರುಗಿದ್ದರಲ್ಲೇ ನನ್ನ ಕೀರ್ತಿ ಇದ್ದದ್ದು. ಲಿಯಾಂಡರ್ ಪಾರ್ಡಿಯ ವೇಷವನ್ನು ಕಂಡುಹಿಡಿದವನು ಇನ್ನೂ ಹುಟ್ಟಿಲ್ಲ ಎಂದು ಒಂದು ಕಾಲದಲ್ಲಿ ಊರೇ ಹೇಳುತ್ತಿತ್ತು. ಒಂದು ವರ್ಷವಂತೂ ನನ್ನ ಹೆತ್ತ ತಾಯಿಯೇ ನಾನು ಪಕ್ಕದ ಕೊಲ್ಲಿಯಿಂದ ಬಂದ ಯಾರೋ ಹೆಂಗಸು ಎಂದು ನಂಬಿ, ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಮಗ ಲಿಯಾಂಡರನ ಸೋಮಾರಿತನವನ್ನು ಒಂದು ಗಂಟೆ ಹೊತ್ತು ವರ್ಣಿಸಿದ್ದಳು. ನಡುವೆ ಮಕ್ಕಳು ಮರಿ ಎಂದು ಎಷ್ಟೋ ವರ್ಷ ವೇಷ ಕಟ್ಟಿರಲಿಲ್ಲ. ಈಗ ಐವತ್ತೇಳಕ್ಕೆ ಮರಳಿ ರಂಗಪ್ರವೇಶ.

"ಗುರುತು ಸಿಕ್ಕಲ್ಲ ಅಂತೀಯಾ?" ಡಲ್ಸಿ ಟೀ ಬಗ್ಗಿಸುತ್ತಾ ಕೇಳಿದಳು.

"ಸಿಕ್ಕಲ್ಲ."

"ಮೆಟ್ಟಿಲು ಹತ್ತೋವಾಗ ನೀನು ಮಾಡೋ ಸದ್ದು ಮೀನಿನ ಕಾರ್ಖಾನೆವರೆಗೂ ಕೇಳುತ್ತೆ."

"ಅದು ಮೆಟ್ಟಿಲಿನ ಸದ್ದು."

"ನಮ್ಮನೆ ಮೆಟ್ಟಿಲು ಕಾಂಕ್ರೀಟು, ಲಿಯಾಂಡರ್."

ಇಲ್ಲಿ ಕೆಲವು ವಿಷಯಗಳನ್ನು ಓದುಗರ ಮುಂದೆ ಒಪ್ಪಿಕೊಳ್ಳಬೇಕು. ನನ್ನ ದೇಹದಲ್ಲಿ ಈಚೆಗೆ ಒಂದಿಷ್ಟು ವರ್ಗಾವಣೆಗಳಾಗಿವೆ. ತಲೆಯ ಮೇಲಿದ್ದ ಕೂದಲು ಎಲ್ಲೂ ಕಳೆದುಹೋಗಿಲ್ಲ, ಕಿವಿಯೊಳಕ್ಕೆ ಬಿಡಾರ ಬದಲಿಸಿದೆ ಅಷ್ಟೆ. ಎದೆಯಲ್ಲಿದ್ದ ಅಗಲ ಸೊಂಟಕ್ಕೆ ಇಳಿದಿದೆ. ತೋಳುಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿರುವುದರಿಂದ ಪತ್ರಿಕೆಯನ್ನು ಓದಲು ಬೇಕಾದಷ್ಟು ದೂರ ಹಿಡಿಯಲು ಆಗುತ್ತಿಲ್ಲ. ಬಲಗಾಲಿನ ಮೊಣಕಾಲು ನಾನು ಕೂರುವಾಗ ಒಂದು ಮಾತು, ಏಳುವಾಗ ಎರಡು ಮಾತು ಆಡುತ್ತದೆ. ಇನ್ನು ಉಸಿರು, ಗುಡ್ಡ ಹತ್ತಿದರೆ ನನ್ನ ಎದೆಯೊಳಗೆ ಯಾರೋ ಸಣ್ಣಗೆ ಸೀಟಿ ಊದುತ್ತಾರೆ.

ಇದನ್ನೆಲ್ಲ ನಾನು ತಮಾಷೆಯಾಗಿ ತೆಗೆದುಕೊಂಡಿದ್ದೆ. ಡಲ್ಸಿಯೂ ತೆಗೆದುಕೊಂಡಿದ್ದಳು, ನವೆಂಬರಿನಲ್ಲಿ ಅವಳ ಅಣ್ಣ ಹ್ಯೂಬರ್ಟನ ಮರ ಕೊಯ್ಯುವ ಯಂತ್ರ ನನ್ನ ಬಳಿ ರಿಪೇರಿಗೆ ಬರುವವರೆಗೆ. ದೋಣಿಯ ಇಂಜಿನ್ನು, ಹಿಮದ ಗಾಡಿ, ಗರಗಸದ ಯಂತ್ರ, ಇವುಗಳ ರಿಪೇರಿಯೇ ನನ್ನ ಕಸುಬು. ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದೆ. ಆ ಸಲ ಕಣ್ಣು ತೆರೆದೇ ಮಾಡಿ, ಹಲ್ಲಿನ ಸರಪಳಿಯನ್ನು ಹಿಂದುಮುಂದಾಗಿ ತೊಡಿಸಿ ಕಳಿಸಿದೆ. ಹ್ಯೂಬರ್ಟ್ ಇಡೀ ಬೆಳಗು ಒಂದು ಬರ್ಚ್ ಮರದ ಜೊತೆ ಯುದ್ಧ ಮಾಡಿದ. ಮರಕ್ಕೆ ಒಳ್ಳೇ ಪಾಲಿಶ್ ಬಂದಿತ್ತಂತೆ.

ಅವತ್ತಿನಿಂದ ಡಲ್ಸಿಯದು ಒಂದೇ ಜಪ. ಪಟ್ಟಣಕ್ಕೆ ಹೋಗು. ಮೊದಲು ಕಣ್ಣು ತೋರಿಸು, ಆಮೇಲೆ ಮೊಣಕಾಲು, ಆಮೇಲೆ ಎದೆ.

ನಾನು ಹೋಗಲಿಲ್ಲ. ಕಾರಣ ಹೆದರಿಕೆ. ಬರೀ ಹೆದರಿಕೆಯಲ್ಲ, ಕಸುಬಿನಿಂದ ಬಂದ ಹೆದರಿಕೆ. ಹಳೇ ಇಂಜಿನ್ನನ್ನು ಒಂದು ವಾಷರ್ ಬದಲಿಸೋಣ ಎಂದು ಬಿಚ್ಚಿದವನು ನಾನು. ಸಂಜೆ ಹೊತ್ತಿಗೆ ಅದು ಬಕೆಟ್ಟು ತುಂಬ ಬಿಡಿಭಾಗಗಳಾಗಿ ಕೂತದ್ದನ್ನು ಕಂಡವನೂ ನಾನೇ. ಡಾಕ್ಟರು ನನ್ನ ಕಣ್ಣಿಗೆ ಟಾರ್ಚು ಬಿಟ್ಟು "ಓಹೋ" ಎಂದರೆ? ಅಲ್ಲಿಂದ ಇಳಿಯುತ್ತಾ ಇಳಿಯುತ್ತಾ ಹೆಬ್ಬೆರಳಿನವರೆಗೂ "ಓಹೋ" ಎನ್ನುತ್ತಾ ಹೋದರೆ? ಓಡುತ್ತಿರುವ ಗಾಡಿಯನ್ನು ಬಿಚ್ಚಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವ ನಾನು ನನ್ನದನ್ನು ಹೇಗೆ ಬಿಚ್ಚಿಸಲಿ?

"ಸರಿ," ಎಂದಳು ಡಲ್ಸಿ, ನನ್ನ ಖಡ್ಗವನ್ನು ಕಿತ್ತುಕೊಂಡು ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಪಂದ್ಯ ಕಟ್ಟೋಣ. ಮೂರು ಮನೆ. ಊರೆಲ್ಲ ಬೇಡ, ಪಾಪ. ಮೂರರಲ್ಲಿ ಒಂದೇ ಒಂದು ಮನೇಲಿ ಗುರುತು ಸಿಕ್ಕದೆ ಹೊರಗೆ ಬಂದ್ಬಿಡು, ಇನ್ನೊಂದು ವರ್ಷ ಡಾಕ್ಟರ ಸುದ್ದಿ ಎತ್ತಲ್ಲ. ಮೂರರಲ್ಲೂ ಸಿಕ್ಕಿಬಿದ್ರೆ ಪಟ್ಟಣಕ್ಕೆ ಹೋಗ್ಬೇಕು. ಅಡಿಯಿಂದ ಮುಡಿವರೆಗೂ ತೋರಿಸ್ಬೇಕು."

"ಮುಡಿ ಇಲ್ವಲ್ಲ."

"ಕಿವಿವರೆಗೂ."

ನಾನು ಕೈ ಕೊಟ್ಟೆ. ಒಂದು ಮನೆ ಸಾಕು. ನನ್ನಂಥ ಕಲಾವಿದನಿಗೆ ಒಂದು ಮನೆ ಯಾವ ಲೆಕ್ಕ?

ಸಂಜೆ ಕತ್ತಲಾದ ಮೇಲೆ ವೇಷ ಕಟ್ಟಲು ಕೂತೆವು. ನನಗೆ ಅತ್ತೆಯ ಕಾಲದ ಹೂವಿನ ಗೌನು, ಬೆನ್ನಿಗೆ ಗೂನಿನ ಹಾಗೆ ಒಂದು ಸೋಫಾ ದಿಂಬು, ಮುಖಕ್ಕೆ ಕಿಟಕಿಯ ಲೇಸು ಪರದೆ, ಕೈಗೆ ಉಣ್ಣೆಯ ಗವಸು, ಕಾಲಿಗೆ ಎಡಬಲ ಅದಲು ಬದಲು ಮಾಡಿದ ರಬ್ಬರ್ ಬೂಟು. ಡಲ್ಸಿಗೆ ನನ್ನ ಮಳೆಯಂಗಿ, ನನ್ನ ಟೊಪ್ಪಿ, ಕಣ್ಣಿಗೆ ಎರಡು ತೂತು ಮಾಡಿದ ದಿಂಬಿನ ಚೀಲ.

"ಹೊಟ್ಟೆಗೂ ಒಂದು ದಿಂಬು ಕಟ್ಟು," ಎಂದೆ.

"ಇರೋದಕ್ಕೆ ಯಾಕೆ ಕಟ್ಟೋದು?"

ಬೂಟು ಹಾಕಿಕೊಳ್ಳುವುದೇ ಮಹಾಕಾಂಡವಾಯಿತು. ನನಗೂ ನನ್ನ ಪಾದಕ್ಕೂ ನಡುವೆ ಸಂಪರ್ಕ ಕಡಿದುಹೋಗಿ ಕೆಲವು ವರ್ಷಗಳಾಗಿವೆ. ಈಗ ಸಾಕ್ಸಿನ ಮೂಲಕ ಮಾತ್ರ ವ್ಯವಹಾರ. ಕೊನೆಗೆ ನಾನು ಮಂಚದ ಮೇಲೆ ಅಂಗಾತ ಮಲಗಿ ಕಾಲೆತ್ತಿದೆ, ಡಲ್ಸಿ ಕುದುರೆಗೆ ಲಾಳ ಹೊಡೆಯುವವಳ ಹಾಗೆ ನನ್ನ ಕಾಲನ್ನು ತೊಡೆಯ ನಡುವೆ ಹಿಡಿದು ಬೂಟು ತುರುಕಿದಳು. ಏಳುವಾಗ ಮೊಣಕಾಲು ತನ್ನ ಎರಡು ಮಾತು ಆಡಿತು. ಡಲ್ಸಿ ದಿಂಬಿನ ಚೀಲದ ತೂತಿನಿಂದ ನೋಡಿದಳು.

ಮೊದಲನೇ ಮನೆ ಗಾರ್ಲಂಡ್ ಟಲ್ಕ್‌ನದು. ಗಾರ್ಲಂಡ್ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಒಂದೇ ತರಗತಿಯಲ್ಲಿ ಎರಡು ಸಲ ನಪಾಸಾದವನು. ಅವನೂ ಅವನ ಹೆಂಡತಿ ಎಫಿಯೂ ಒಲೆಯ ಪಕ್ಕ ಇಸ್ಪೀಟು ಆಡುತ್ತಿದ್ದರು. ನಾನು ಕೋಲಿನಿಂದ ಬಾಗಿಲು ಕುಟ್ಟಿ, ಉಸಿರು ಒಳಗೆಳೆದು, "ವೇಷದವರನ್ನ ಬಿಡ್ತೀರಾ?" ಎಂದೆ. ಎಫಿ ಸಂಭ್ರಮದಿಂದ ಕರೆದಳು. ನಾನು ಕುಂಟುತ್ತಾ, ನುಲಿಯುತ್ತಾ, ಗೌನಿನ ಚುಂಗು ಎತ್ತಿ ಹಿಡಿದು ಎಂಬತ್ತರ ಮುದುಕಿಯ ಹಾಗೆ ಒಳಗೆ ಹೋದೆ. ಅಭಿನಯ ಎಂದರೆ ಅದು. ಎಫಿ ಬಾಯಿ ತೆರೆದು ನೋಡುತ್ತಿದ್ದಳು.

"ಯಾರಪ್ಪಾ ಇದು? ದೂರದವರು ಇರ್ಬೇಕು," ಎಂದಳು. "ಕೂತ್ಕೊಳ್ಳಿ, ಅಜ್ಜಿ."

ನಾನು ಕೂತೆ. ಟಕ್.

ಗಾರ್ಲಂಡ್ ಕೈಯಲ್ಲಿದ್ದ ಎಲೆಗಳಿಂದ ಕಣ್ಣೆತ್ತಲಿಲ್ಲ. "ಲಿಯಾಂಡರ್," ಎಂದ, "ಬಾಗಿಲು ಹಾಕ್ಕೊಂಡು ಬರ್ಬಾರ್ದಾ? ಚಳಿ ಬರ್ತಿದೆ."

ಮುಸುಕು ತೆಗೆದು ರಮ್ಮು ಕುಡಿದೆ. ಕೀರ್ತಿ ಹೋದರೂ ರಮ್ಮು ಚೆನ್ನಾಗಿತ್ತು.

ಹೊರಗೆ ಬಂದ ಮೇಲೆ ಹಿಮದ ದಾರಿಯಲ್ಲಿ ನಿಂತು ಮೊಣಕಾಲಿಗೆ ಡಲ್ಸಿಯ ಉಣ್ಣೆಯ ಶಾಲನ್ನು ಬಿಗಿದು ಸುತ್ತಿಸಿಕೊಂಡೆ. ಎಷ್ಟು ಬಿಗಿ ಎಂದರೆ ಕಾಲು ಹುಟ್ಟುಗೋಲಾಯಿತು. "ಮುಂದಿನ ಮನೇಲಿ ನಾನು ಕೂರೋದೇ ಇಲ್ಲ. ಬಗ್ಗೋದಿಲ್ಲ. ಮಾತು ಕಡಿಮೆ. ಅಲ್ಲಿಗೆ ಮುಗೀತು."

"ಮುಂದಿನ ಮನೆ ನಮ್ಮಣ್ಣಂದು."

"ಹ್ಯೂಬರ್ಟ್‌ಗೆ ಹಿಂದುಮುಂದಾದ ಸರಪಳಿನೇ ಅರ್ಧ ದಿನ ಗೊತ್ತಾಗ್ಲಿಲ್ಲ. ನಾನೆಲ್ಲಿ ಗೊತ್ತಾಗ್ತೀನಿ?"

ಹ್ಯೂಬರ್ಟನ ಮನೆಯಲ್ಲಿ ಎಲ್ಲ ನಾನೆಣಿಸಿದಂತೆಯೇ ನಡೆಯಿತು. ಬಾಗಿಲ ಪಕ್ಕ ದೀಪದ ಕಂಬದ ಹಾಗೆ ನಿಂತುಬಿಟ್ಟೆ. ಹ್ಯೂಬರ್ಟನ ಹೆಂಡತಿ ಫ್ಲಾಸಿ ನನ್ನ ಗೂನು ಹಿಸುಕಿದಳು, ಮೂಗು ಹಿಂಡಿದಳು. ಗಾರ್ಲಂಡ್ ಎಂದಳು. ನಾನು ಅಲ್ಲವೆಂದು ತಲೆಯಾಡಿಸಿದೆ. ಅಂಚೆ ಕಚೇರಿಯ ಮೇಬಲ್ ಎಂದಳು. ತಲೆಯಾಡಿಸಿದೆ. ಕೊನೆಗೆ ಪಾದ್ರಿಯವರ ಹೆಸರನ್ನೂ ಎತ್ತಿದಳು. ಪರದೆಯ ಒಳಗೆ ನನಗೆ ನಗು ಉಕ್ಕಿ ಬರುತ್ತಿತ್ತು. ಡಲ್ಸಿಯ ದಿಂಬಿನ ಚೀಲವೂ ಕೊಂಚ ಚಿಂತೆಗೆ ಬಿದ್ದಂತೆ ಕಂಡಿತು.

ಹ್ಯೂಬರ್ಟ್ ಮಾತ್ರ ಪೈಪು ಸೇದುತ್ತಾ ನನ್ನನ್ನೇ ನೋಡುತ್ತಿದ್ದ. ಆಮೇಲೆ ನಿಧಾನವಾಗಿ ಎದ್ದು ಕಪಾಟಿನಿಂದ ಒಂದು ಫೋಟೊ ತಂದ.

"ಅಪರಿಚಿತರೇ," ಎಂದ ಬಹಳ ಮರ್ಯಾದೆಯಿಂದ, "ನೀವು ದೂರದವರು. ನಮ್ಮ ಹೊಸ ಮೊಮ್ಮಗುನ ನೋಡಿಲ್ಲ ನೀವು. ನೋಡಿ ಹೇಳಿ, ಯಾರ ಥರ ಇದೆ?"

ಫೋಟೊ ಕೈಗೆ ತೆಗೆದುಕೊಂಡೆ. ಪರದೆಯ ಹಿಂದಿನಿಂದ ಬೂದು ಮಸುಕು ಬಿಟ್ಟು ಏನೂ ಕಾಣಲಿಲ್ಲ. ಕೈ ಚಾಚಿದೆ. ಇನ್ನೂ ಚಾಚಿದೆ. ತೋಳು ಮುಗಿಯಿತು. ತಲೆಯನ್ನು ಹಿಂದಕ್ಕೆ ತೆಗೆದೆ. ಬೆನ್ನು ಬಾಗಿಸಿದೆ. ಒಂದು ಹೆಜ್ಜೆ ಹಿಂದೆ ಇಟ್ಟೆ, ಫೋಟೊ ನನ್ನ ಕೈಯಲ್ಲೇ ಇದೆ, ನಾನು ಹಿಂದೆ ಹೋದರೆ ಅದೂ ಬರುತ್ತದೆ ಎಂಬುದು ಆ ಕ್ಷಣದಲ್ಲಿ ಹೊಳೆಯಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ, ಸೌದೆಯ ಪೆಟ್ಟಿಗೆ ಹಿಮ್ಮಡಿಗೆ ತಗುಲಿತು. ದೀಪದ ಕಡೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಉಸಿರು ಒಳಗೆಳೆದು, "ಥೇಟ್ ಅಜ್ಜನ ಹಾಗಿದೆ, ಗಲ್ಲದ ಮೇಲೆ ಗಡ್ಡ ಕೂಡ ಬರ್ತಿದೆ," ಎಂದೆ.

"ತಲೆಕೆಳಗಾಗಿ ಹಿಡಿದಿದ್ದೀಯ, ಲಿಯಾಂಡರ್," ಎಂದ ಹ್ಯೂಬರ್ಟ್. "ಅದು ಕೂದಲು."

ಫ್ಲಾಸಿ ನಕ್ಕು ನಕ್ಕು ನೆಲಕ್ಕೆ ಕುಸಿದಳು. ಡಲ್ಸಿ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಮಳೆಯಂಗಿ ಮಾತ್ರ ಕುಲುಕುತ್ತಿತ್ತು. ಮತ್ತೆ ರಮ್ಮು, ಮತ್ತೆ ಕೇಕು.

ಇನ್ನು ಉಳಿದದ್ದು ಒಂದೇ ಮನೆ. ದಾರಿಯಲ್ಲಿ ನಿಂತು ಯೋಚಿಸಿದೆ. ಪಟ್ಟಣ ಕಣ್ಣ ಮುಂದೆ ಬಂತು. ಟಾರ್ಚು ಬಂತು. "ಓಹೋ" ಕೇಳಿಸಿತು. ಆಗ ನನ್ನ ತಲೆಯಲ್ಲಿ ಒಂದು ನೀಚ ಉಪಾಯ ಮೊಳೆಯಿತು.

"ಸೆಲೀನತ್ತೆ ಮನೆಗೆ ಹೋಗ್ತೀನಿ," ಎಂದೆ.

ಸೆಲೀನತ್ತೆ ನನ್ನ ಅತ್ತೆಯೇನಲ್ಲ, ಇಡೀ ಬಂದರಿಗೆ ಅತ್ತೆ. ತೊಂಬತ್ತು ದಾಟಿದೆ. ಕಣ್ಣಿಗೆ ಬೆಳಕು ನೆರಳು ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

ಡಲ್ಸಿ ದಿಂಬಿನ ಚೀಲವನ್ನು ಹಣೆಗೆ ಏರಿಸಿ ನನ್ನನ್ನು ದಿಟ್ಟಿಸಿದಳು. "ಕಣ್ಣು ಕಾಣ್ದಿರೋ ಮುದುಕಿ ಹತ್ರ ಹೋಗಿ ವೇಷ ತೋರಿಸ್ತೀಯಾ? ನಾಚಿಕೆ ಆಗಲ್ವಾ?"

"ಮೂರು ಮನೆ ಅಂದೆ. ಮನೇವ್ರಿಗೆ ಕಣ್ಣಿರ್ಬೇಕು ಅಂದಿರ್ಲಿಲ್ಲ."

"ಹೋಗು ಹಾಗಾದ್ರೆ. ನನಗೆ ಕಾಲು ಕೊರೀತಿದೆ, ನಾನು ಮನೆಗೆ ಹೋಗ್ತೀನಿ. ಸೆಲೀನತ್ತೆ ಹೇಳಿದ್ದನ್ನ ನಾನು ನಂಬ್ತೀನಿ. ನೀನು ಹೇಳಿದ್ದನ್ನಲ್ಲ."

ಸೆಲೀನತ್ತೆಯ ಮನೆ ಗುಡ್ಡದ ಮೇಲಿದೆ. ಗೇಟಿಗೆ ಹೋಗುವ ಹೊತ್ತಿಗೆ ಎದೆಯೊಳಗಿನ ಸೀಟಿಯವನು ಎಚ್ಚರಗೊಂಡಿದ್ದ. ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತು ಅವನನ್ನು ಮಲಗಿಸಿ, ಬಾಗಿಲು ಕುಟ್ಟಿದೆ.

"ಬಾ, ಬಾ. ಬೂಟು ಒರೆಸ್ಕೊಂಡು ಬಾ."

ಅತ್ತೆ ಒಲೆಯ ಪಕ್ಕದ ತೂಗುಕುರ್ಚಿಯಲ್ಲಿ ಗವಸು ಹೆಣೆಯುತ್ತಾ ಕೂತಿದ್ದಳು. ಎದ್ದು ಬಂದು ನನ್ನ ಮುಂದೆ ನಿಂತಳು. ಎರಡೂ ಕೈಯಿಂದ ಪರದೆಯ ಮೇಲೆಯೇ ನನ್ನ ಮೂಗು, ಗದ್ದ, ಭುಜ ಮುಟ್ಟಿ ನೋಡಿದಳು. ಅವಳ ಕೈ ನನ್ನ ಭುಜದ ಮೇಲೆ ನಿಂತುಬಿಟ್ಟಿತು.

"ಇಸಾವ್," ಎಂದಳು ಮೆಲ್ಲಗೆ.

ಇಸಾವ್ ಪಾರ್ಡಿ ನನ್ನ ಅಪ್ಪ. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು.

ನನ್ನೊಳಗೆ ಒಮ್ಮೆಲೇ ಎರಡು ದನಿ ಎದ್ದವು. ಒಂದು, ಪಾಪ, ಅತ್ತೆಗೆ ಅರಳುಮರಳು ಹಿಡಿದಿದೆ, ಈಗಲೇ ನಿಜ ಹೇಳು ಎಂದಿತು. ಇನ್ನೊಂದು, ತಪ್ಪು ಹೆಸರು ಹೇಳಿದ್ದಾಳೆ, ನೀನು ಗೆದ್ದೆ, ಬಾಯಿ ಮುಚ್ಚಿಕೊಂಡು ಐದು ನಿಮಿಷ ಇದ್ದು ಹೊರಡು ಎಂದಿತು. ಎರಡನೆಯದರ ದನಿಯೇ ದೊಡ್ಡದಿತ್ತು.

"ಇಷ್ಟು ದಿನ ಎಲ್ಲಿ ಹೋಗಿದ್ದೆ, ಇಸಾವ್?"

ಸತ್ತವನು ಇದಕ್ಕೆ ಏನು ಉತ್ತರ ಕೊಡಬೇಕು? ಉಸಿರು ಒಳಗೆಳೆದು, "ದೂರ," ಎಂದೆ.

"ಏಣಿ ತಂದ್ಯಾ?"

"ಯಾವ ಏಣಿ?"

"ನಮ್ಮನೆಯವ್ರು ಕೊಟ್ಟ ಏಣಿ. ಚಾವಣಿ ರಿಪೇರಿಗೆ ಅಂತ ತಗೊಂಡು ಹೋದೆ. ಆ ಚಾವಣಿ ರಿಪೇರಿ ಆಗಿ, ಹಳೇದಾಗಿ, ಬಿದ್ದೂ ಹೋಯ್ತು. ಏಣಿ ಮಾತ್ರ ಬರ್ಲಿಲ್ಲ."

ಆ ಏಣಿ ಆ ಹೊತ್ತಿನಲ್ಲೂ ನನ್ನ ರಿಪೇರಿ ಶೆಡ್ಡಿನ ಗೋಡೆಗೆ ಒರಗಿತ್ತು. ಪರದೆಯೊಳಗೆ ಬೆವರಿದೆ. "ಮುಂದಿನ ವಾರ," ಎಂದೆ.

"ಸಾಯೋಕೆ ಮುಂಚೆನೂ ಅದನ್ನೇ ಹೇಳ್ತಿದ್ದೆ," ಎಂದಳು ಅತ್ತೆ.

ಬುದ್ಧಿಯಿದ್ದವನು ಈ ಮಾತಿಗೆ ಎಚ್ಚೆತ್ತುಕೊಳ್ಳುತ್ತಿದ್ದ. ನಾನು ಗೆಲುವಿನ ಅಮಲಿನಲ್ಲಿದ್ದೆ, ಎರಡು ಮನೆಯ ರಮ್ಮೂ ಸೇರಿತ್ತು.

"ಹೋಗ್ಲಿ ಬಿಡು," ಎಂದು ಅತ್ತೆ ಕುರ್ಚಿಗೆ ಮರಳಿದಳು. "ಒಂದು ಹೆಜ್ಜೆ ಹಾಕು, ಇಸಾವ್. ನಿನ್ನಂಥ ಕುಣಿತ ಈ ಬಂದರಲ್ಲಿ ಮತ್ತೆ ಯಾರೂ ಕುಣೀಲಿಲ್ಲ."

ನಮ್ಮ ಕಡೆ ವಾದ್ಯ ಇಲ್ಲದಿದ್ದರೆ ಬಾಯಿಂದಲೇ ಕುಣಿತದ ಮಟ್ಟು ಹಾಡುತ್ತಾರೆ, ಪದವಿಲ್ಲ, ಬರೀ ತಾಳ. ಅತ್ತೆ ಪಾದದಿಂದ ನೆಲ ಬಡಿಯುತ್ತಾ ಹಾಗೆ ಹಾಡತೊಡಗಿದಳು. ಕುಣಿಯದೆ ನಿಂತರೆ ಅಪ್ಪನ ಮಾನ ಹೋಗುತ್ತದೆ. ಕುಣಿದೆ. ಹಿಮ್ಮಡಿ, ಮುಂಗಾಲು, ಹಿಮ್ಮಡಿ. ಗೌನು ಹಾರಿತು, ಗೂನು ಹಾರಿತು. ಸ್ವಲ್ಪ ಹೊತ್ತು ನನ್ನ ಕಾಲಿನಲ್ಲಿ ನಿಜಕ್ಕೂ ಅಪ್ಪನೇ ಬಂದು ಕೂತ ಹಾಗಿತ್ತು. ಹುಮ್ಮಸ್ಸಿನಲ್ಲಿ ಗಾಳಿಯಲ್ಲೇ ಹಿಮ್ಮಡಿ ಬಡಿಯುವ ಅವನ ಹೆಸರುವಾಸಿ ಹೆಜ್ಜೆಗೆ ಜಿಗಿದೆ.

ಜಿಗಿದದ್ದು ಚೆನ್ನಾಗಿಯೇ ಜಿಗಿದೆ. ಇಳಿಯುವ ವ್ಯವಸ್ಥೆ ಸರಿಯಿರಲಿಲ್ಲ. ಮೊಣಕಾಲು ಶಾಲಿನೊಳಗಿಂದಲೇ ಗರ್ಜಿಸಿತು, ಅದಲು ಬದಲಾದ ಬೂಟುಗಳು ಒಂದನ್ನೊಂದು ತುಳಿದವು, ನಾನು ಬೆನ್ನಡಿಯಾಗಿ ಗೂನಿನ ಮೇಲೆ ಬಿದ್ದೆ. ಕೈಕಾಲು ಮೇಲಾದ ಆಮೆಯ ಹಾಗೆ ಅಲ್ಲೇ ಒಂದು ಸುತ್ತು ತಿರುಗಿದೆ.

"ಅಯ್ಯೋ, ಡಲ್ಸೀ," ಎಂದೆ. ಉಸಿರು ಹೊರಗೆ ಬಿಟ್ಟು, ನನ್ನ ಸ್ವಂತ ದನಿಯಲ್ಲಿ.

ಹಾಡು ನಿಂತಿತು. "ಬಿದ್ಯಾ, ಲಿಯಾಂಡರ್?" ಎಂದಳು ಅತ್ತೆ, ಮಳೆ ಬಂತಾ ಎಂದು ಕೇಳುವಷ್ಟು ಸಮಾಧಾನದಿಂದ.

"ನಾನು ಅಂತ ಗೊತ್ತಿತ್ತಾ?"

"ಗೇಟಿನ ಹತ್ರ ನಿಂತಾಗಲೇ ಗೊತ್ತಾಯ್ತು. ನಿಮ್ಮಪ್ಪನ ಎದೆ ಸೀಟಿ ಹೊಡೀತಿರ್ಲಿಲ್ಲ."

"ಮತ್ತೆ ಇಸಾವ್ ಅಂದ್ರಿ?"

"ಲಿಯಾಂಡರ್ ಅಂದಿದ್ರೆ ಕುಣೀತಿದ್ಯಾ? ಹೋದ ಸಲದ ಮದುವೇಲಿ ಕುಣಿ ಅಂದ್ರೆ ಮಂಡಿ ನೋವು ಅಂದೆ. ಏಣಿ ಕೇಳ್ದಾಗೆಲ್ಲ, ಅದು ಅಪ್ಪನ ಕಾಲದ್ದು, ಅಪ್ಪನನ್ನೇ ಕೇಳ್ಬೇಕು ಅಂತಿದ್ದೆ. ಇವತ್ತು ಅಪ್ಪ ಬಂದಿದ್ದ, ಕೇಳ್ದೆ."

ಮೂರಕ್ಕೆ ಮೂರೂ ಸೋತೆ. ಏಳಲು ನೋಡಿದೆ, ಆಗಲಿಲ್ಲ. ತೊಂಬತ್ತರ ಅತ್ತೆ ಐವತ್ತೇಳರ ನನ್ನನ್ನು ಎತ್ತಲು ಒಮ್ಮೆ ಪ್ರಯತ್ನಿಸಿ, ಇದು ಮೂರು ಜನರ ಕೆಲಸ ಎಂದು ಕೈಬಿಟ್ಟಳು. ಗುರುತು ಹಿಡಿದ ಮೇಲೆ ಸತ್ಕಾರ ಆಗಲೇಬೇಕಲ್ಲ. ತಲೆಗೊಂದು ದಿಂಬು ಕೊಟ್ಟು, ಪಕ್ಕದಲ್ಲಿ ಕೂತು, ಚಮಚದಲ್ಲಿ ರಮ್ಮು ಕುಡಿಸಿದಳು. ಬಾಯಿ ಎಲ್ಲಿದೆ ಎಂದು ಕಾಣದ ಕಾರಣ ಎರಡು ಚಮಚ ಕಿವಿಗೂ ಹೋಯಿತು.

ಅಷ್ಟರಲ್ಲಿ ಮತ್ತೆ ಬಾಗಿಲು ಕುಟ್ಟಿದ ಸದ್ದು. ಇನ್ನೊಂದು ವೇಷ ಬಂತು. ತಲೆಯಿಂದ ಬಿಳೀ ಹಾಸಿಗೆ ಬಟ್ಟೆ ಇಳಿಬಿಟ್ಟು, ಸೊಂಟಕ್ಕೆ ಮೀನಿನ ಬಲೆ ಬಿಗಿದು, ಹಿಮದ ಬೂಟನ್ನು ಬಾಗಿಲಲ್ಲೇ ಕಳಚಿ ಕಾಲಿಗೆ ತೆಳ್ಳನೆಯ ಚಪ್ಪಲಿ ಹಾಕಿದ ಒಂಟಿ ಆಕೃತಿ. ನೆಲದ ಮೇಲೆ ಬಿದ್ದಿದ್ದ ನನ್ನನ್ನು ನೋಡಿ ಒಂದು ಕ್ಷಣ ನಿಂತಿತು. ಆಮೇಲೆ ನನ್ನನ್ನು ದಾಟಿ ಹೋಯಿತು.

ಅತ್ತೆ ಅದರ ಕೈ ಹಿಡಿದು ಮುಟ್ಟಿ ನೋಡಿದಳು. ಅವಳ ಮುಖ ಅರಳಿತು. "ನನಗೆ ಕಣ್ಣಿಲ್ಲಪ್ಪ. ಲಿಯಾಂಡರ್, ನೀನೇ ಹೇಳು," ಎಂದು ಮತ್ತೆ ಮಟ್ಟು ಎತ್ತಿಕೊಂಡಳು.

ಆ ಆಕೃತಿ ಕುಣಿಯಿತು. ಏನು ಹೇಳಲಿ! ನೆಲದ ಮೇಲೆ ಮಲಗಿದವನ ಕಿವಿಗೆ ಹಲಗೆಯ ಪ್ರತಿ ಸದ್ದೂ ಕೇಳುತ್ತದೆ. ಒಂದು ಹೆಜ್ಜೆ ತಪ್ಪಲಿಲ್ಲ, ಒಂದು ಹೆಜ್ಜೆ ಭಾರವಾಗಲಿಲ್ಲ. ಬಟ್ಟೆಯ ಅಂಚಿನ ಕೆಳಗೆ ಹಿಮ್ಮಡಿಗಳು ಹಕ್ಕಿಗಳ ಹಾಗೆ ಇಳಿದು ಏಳುತ್ತಿದ್ದವು. ಇಷ್ಟು ಹೊತ್ತು ಗುರುತಿಸಲ್ಪಟ್ಟು ಗುರುತಿಸಲ್ಪಟ್ಟು ಸೋತಿದ್ದ ನನಗೆ ಮೊದಲ ಬಾರಿ ನಾನು ಗುರುತಿಸುವ ಅವಕಾಶ. ಬಿಟ್ಟೇನೇ?

"ಅತ್ತೆ, ಇದು ಗಾರ್ಲಂಡನ ಸೊಸೆ ಟ್ರೀನಾ," ಎಂದೆ. "ಇಂಜಿನ್ನಿನ ಸದ್ದು ಕೇಳಿ ಅದು ಯಾವ ವರ್ಷದ್ದು ಅಂತ ಹೇಳೋನು ನಾನು. ಇದು ಇಪ್ಪತ್ತಾರರ ಕಾಲು. ಒಂದು ದಿನ ಹೆಚ್ಚಿಲ್ಲ. ಆ ಮಣಿಕಟ್ಟು ನೋಡಿ, ಆ ಸೊಂಟ ನೋಡಿ."

"ಡಲ್ಸಿ ಆಗಿರ್ಬಹುದಲ್ಲ?" ಎಂದಳು ಅತ್ತೆ ಬಹಳ ಮುಗ್ಧವಾಗಿ.

ನನಗೆ ನಗು ಬಂತು. "ಡಲ್ಸೀನಾ? ಅತ್ತೆ, ಡಲ್ಸಿ ಹೀಗೆ ಕುಣಿದಿದ್ರೆ ನಿಮ್ಮ ಕಪಾಟಿನ ಪಿಂಗಾಣಿ ಒಂದೂ ಉಳೀತಿರ್ಲಿಲ್ಲ."

ಹಿಮ್ಮಡಿಗಳು ನಿಂತವು. ಹಾಸಿಗೆ ಬಟ್ಟೆ ಮೇಲಕ್ಕೆ ಹೋಯಿತು. ಅದರೊಳಗಿಂದ, ಮುಖ ಕೆಂಪಾಗಿ, ಕೂದಲು ಕೆದರಿ, ನನ್ನನ್ನು ಮೂವತ್ತಮೂರು ವರ್ಷದಿಂದ ಸಹಿಸಿಕೊಂಡಿರುವ ಹೆಂಗಸು ಹೊರಗೆ ಬಂದಳು.

ನೆಲದ ಮೇಲೆ ಬಿದ್ದವನಿಗೆ ಒಂದೇ ಅನುಕೂಲ, ಇನ್ನೂ ಕೆಳಗೆ ಬೀಳುವ ಭಯವಿಲ್ಲ.

"ಎಷ್ಟು ವಯಸ್ಸು ಅಂದೆ?" ಡಲ್ಸಿ ಏದುಸಿರು ಬಿಡುತ್ತಾ ಕೇಳಿದಳು.

"ಇಪ್ಪತ್ತಾರು."

"ಇನ್ನೊಂದ್ಸಲ ಹೇಳು."

"ಇಪ್ಪತ್ತಾರು."

"ಪಿಂಗಾಣಿ ವಿಷಯ ಆಮೇಲೆ ವಿಚಾರಿಸ್ಕೋತೀನಿ," ಎಂದಳು. ಆಮೇಲೆ ಅವಳ ಮುಖ ಸೊಟ್ಟಗಾಯಿತು. "ಬೇಗ ಒಂದು ಕುರ್ಚಿ ಕೊಡಿ ಅತ್ತೆ. ನನ್ನ ಸೊಂಟ ಹೋಯ್ತು."

ಹೀಗೆ ಒಬ್ಬರು ನೆಲದ ಮೇಲೆ, ಒಬ್ಬರು ಕುರ್ಚಿಯಲ್ಲಿ, ಇಬ್ಬರೂ ಏಳಲಾರದೆ ಕೂತೆವು. ಆ ಮನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವಳು ಸೆಲೀನತ್ತೆ ಒಬ್ಬಳೇ. ಅವಳೇ ಗಾರ್ಲಂಡನಿಗೆ ಫೋನು ಮಾಡಿದಳು, ಅವಳೇ ಟೀ ಕಾಸಿದಳು, ಈಗಿನ ಕಾಲದವರಿಗೆ ತ್ರಾಣವೇ ಇಲ್ಲ ಎಂದು ಅವಳೇ ಬೇಸರಪಟ್ಟಳು.

ಟೀ ಕುಡಿಯುತ್ತಾ ನಾನು ಡಲ್ಸಿಯನ್ನೇ ನೋಡುತ್ತಿದ್ದೆ. ಈ ಬಂದರಿನ ಎಷ್ಟೋ ಮದುವೆಗಳಲ್ಲಿ ಅವಳ ಜೊತೆ ಕುಣಿದಿದ್ದೇನೆ. ಪಕ್ಕದಲ್ಲೇ ಕುಣಿಯುವವನಿಗೆ ಕಾಣುವುದು ತನ್ನ ಬೂಟು ಮಾತ್ರ. ಅವಳು ಕುಣಿಯುವುದನ್ನು ಒಂದು ಕಡೆ ಬಿದ್ದುಕೊಂಡು ನೋಡಿದ್ದು ಇದೇ ಮೊದಲು. ಮೊಣಕಾಲು ಕೈಕೊಡದಿದ್ದರೆ ನೋಡದೆಯೇ ಇರುತ್ತಿದ್ದೆ.

ಗಾರ್ಲಂಡ್ ಹಿಮದ ಗಾಡಿಗೆ ಸೌದೆ ಸಾಗಿಸುವ ಬಂಡಿ ಕಟ್ಟಿಕೊಂಡು ಬಂದ. ನಮ್ಮಿಬ್ಬರನ್ನೂ ದಿಮ್ಮಿಗಳ ಹಾಗೆ ಅಕ್ಕಪಕ್ಕ ಪೇರಿಸಿ, ಹಗ್ಗ ಬಿಗಿದು, ಗುಡ್ಡ ಇಳಿಸತೊಡಗಿದ. ಚಳಿಗೆ ನಾನು ಪರದೆ ಎಳೆದುಕೊಂಡೆ, ಡಲ್ಸಿ ಹಾಸಿಗೆ ಬಟ್ಟೆ ಹೊದ್ದಳು. ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮುಖ ಕಾಣುತ್ತಿರಲಿಲ್ಲ, ದನಿ ಎತ್ತಿರಲಿಲ್ಲ, ಆದರೂ ಒಂದು ಮನೆಯವರೂ ತಡವರಿಸಲಿಲ್ಲ.

"ಮಂಡಿನಾ, ಲಿಯಾಂಡರ್?"

"ಡಲ್ಸಿ, ಬಿಸಿನೀರಿನ ಚೀಲ ಕಳಿಸ್ಲಾ?"

"ನಿಧಾನ ಗಾರ್ಲಂಡ್, ಅವನ ಎದೆಗೆ ಚಳಿ ಆಗಲ್ಲ."

ನಕ್ಷತ್ರ ನೋಡುತ್ತಾ ಅಂಗಾತ ಸಾಗುತ್ತಿದ್ದ ನನಗೆ ಸೋಲಿನ ನೋವೇ ಆಗಲಿಲ್ಲ. ನನ್ನ ಮೊಣಕಾಲನ್ನು ಸದ್ದಿನಿಂದಲೇ ಬಲ್ಲವರು, ನನ್ನ ಉಸಿರನ್ನು ಗೇಟಿನಾಚೆಯಿಂದಲೇ ಲೆಕ್ಕ ಇಟ್ಟವರು ಇಷ್ಟು ಜನ. ಮೂವತ್ತು ವರ್ಷದ ಹಿಂದೆ ಯಾರಿಗೂ ಸಿಗದೆ ಮನೆಯಿಂದ ಮನೆಗೆ ಒಣಗಂಟಲಲ್ಲಿ ತಿರುಗಿದ್ದನ್ನು ನಾನು ಯಾವ ಬುದ್ಧಿಗೆ ಕೀರ್ತಿ ಎಂದುಕೊಂಡಿದ್ದೆನೋ. ಇಷ್ಟು ಕಣ್ಣು, ಇಷ್ಟು ಕಿವಿ ಕಾಯುತ್ತಿರುವ ಇಂಜಿನ್ನನ್ನು ಒಮ್ಮೆ ಬಿಚ್ಚಿಸಿ ನೋಡಿದರೆ ಏನು ಮಹಾ? ಒಂದೆರಡು ಬಿಡಿಭಾಗ ಕಳೆದುಹೋದರೆ ಊರವರೇ ಹುಡುಕಿ ಕೊಟ್ಟಾರು.

"ಡಲ್ಸಿ," ಎಂದೆ. "ಪಂದ್ಯ ಪಂದ್ಯನೇ. ಬೆಳಿಗ್ಗೆ ನಾನೇ ಪಟ್ಟಣಕ್ಕೆ ಫೋನ್ ಮಾಡ್ತೀನಿ. ಮೊದಲು ಕಣ್ಣು ತೋರಿಸ್ತೀನಿ, ನೀನು ಹೇಳ್ದ ಹಾಗೆ."

ಬಂಡಿ ಒಂದು ತಿರುವು ದಾಟಿತು.

"ಮೊದಲು ಎದೆ ತೋರಿಸು," ಎಂದಳು. "ಆಮೇಲೆ ಮೊಣಕಾಲು."

"ಕಣ್ಣು?"

ಅವಳು ನನ್ನ ಗವಸಿನೊಳಗೆ ಕೈ ತೂರಿಸಿ ನನ್ನ ಕೈ ಹಿಡಿದಳು.

"ಕಣ್ಣಿಗೇನೂ ಅಂಥ ಅವಸರ ಇಲ್ಲ ಬಿಡು."